ಕೂಲಿಯೂ ಕರುಣೆಯೂ

ಮನುಷ್ಯನ ತಲೆಯನ್ನು ಮುಟ್ಟುವ ಅಧಿಕಾರವು ಎಲ್ಲರಿಗೂ ಇರುವುದಿಲ್ಲ. ಎಣ್ಣೆಯೊತ್ತುವ ತಾಯಿಗೆ ಉಂಟು. ಅಕ್ಷತೆಯಿಟ್ಟು ಹರಸುವ ಹಿರಿಯರಿಗೆ ಉಂಟು. ಉಪದೇಶ ಕೊಡುವ ಗುರುವಿಗೆ ಉಂಟು. ಈ ಮೂವರಲ್ಲದೆ ಮತ್ತೊಬ್ಬನಿಗೂ ಉಂಟು. ಅವನು ಕ್ಷೌರಿಕನು. ಮೊದಲಿನ ಮೂವರು ಮುಟ್ಟಿದರೆ ಜನರು ಕೈಮುಗಿಯುವರು. ನಾಲ್ಕನೆಯವನು ಮುಟ್ಟಿದರೆ ಸ್ನಾನ ಮಾಡುವರು. ಸ್ನಾನವು ಮೈಗೆ ಅಂಟಿದ ಕೂದಲ ಚೂರಿಗಾಗಿ ಎಂದು ಸಮಾಧಾನ ಹೇಳುವವರು ಹೇಳಲಿ. ಸ್ನಾನವಾಗುವವರೆಗೆ ಅಡಿಗೆಮನೆಯ ಹೊಸ್ತಿಲನ್ನು ದಾಟಬಾರದೆಂಬ ಕಟ್ಟುಪಾಡು ಕೂದಲ ಚೂರಿಗಾಗಿ ಹುಟ್ಟಿದುದಲ್ಲವೆಂಬುದು ಅವರಿಗೂ ತಿಳಿದ ವಿಷಯವೇ.

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಸೀಮೆಯಲ್ಲಿ ಹಿಂದೆ ಕ್ಷೌರಕ್ಕೆ ರೊಕ್ಕ ಕೊಡುವ ವಾಡಿಕೆಯಿರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಜೋಳದ ಆಯವನ್ನು ಅಳೆದು ಕೊಡುತ್ತಿದ್ದರು. ಆ ಕಾಳಿಗಾಗಿ ಅವನು ವರ್ಷವೆಲ್ಲ ಊರಿನ ತಲೆಗಳನ್ನು ನೋಡಿಕೊಳ್ಳಬೇಕು. ಮಗುವಿನ ಚೌಲಕ್ಕೆ ಬರಬೇಕು. ಮದುವೆಯಲ್ಲಿ ಮದುಮಗನನ್ನು ಸಿದ್ಧಗೊಳಿಸಬೇಕು. ಸಾವಿನ ಮನೆಯವರೊಡನೆ ಹೊಳೆಯ ದಂಡೆಗೆ ಹೋಗಬೇಕು. ತೆಲುಗು ನಾಡಿನ ಅನೇಕ ಗುಡಿಗಳಲ್ಲಿ ಸನ್ನಾಯಿ ಊದುವವರೂ ಈ ಕುಲದವರೇ. ಯಾರ ಉಸಿರಿನಿಂದ ದೇವರು ಎಚ್ಚರಗೊಳ್ಳುವನೋ ಅವರ ಕೈ ಮಾತ್ರ ಮೈಲಿಗೆ! ಇಷ್ಟೆಲ್ಲವನ್ನು ಮಾಡಿದರೂ ಅದನ್ನು ದಯೆಯೆಂದು ಕರೆದವರಿಲ್ಲ. 'ಅವನ ಕೆಲಸ, ಅವನು ಮಾಡಿದ' ಎಂಬ ಒಂದು ಮಾತಿನಲ್ಲಿ ಲೆಕ್ಕವು ಮುಗಿಯುತ್ತಿತ್ತು.

ಈ ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ಅರಿಯಬೇಕಾದರೆ ಊರು ಬಿಟ್ಟು ಹೋಗಬೇಕು. ಪಾಲಮೂರಿನ ಕೂಲಿಕಾರರು ಅಣೆಕಟ್ಟು, ಕಾಲುವೆಗಳ ಕೆಲಸಕ್ಕೆ ದೇಶದ ಮೂಲೆಮೂಲೆಗೆ ಹೋದವರೆಂಬ ಪ್ರಸಿದ್ಧಿಯುಂಟು. ಮುಂಬಯಿ, ಪುಣೆಗಳು ಅವರಿಗೆ ನೆರೆಯೂರಿನಂತೆ. ಸಮುದ್ರ ದಾಟಿ ಕೊಲ್ಲಿಯ ನಾಡುಗಳಿಗೆ ಹೋದವರೂ ಇದ್ದಾರೆ. ಅಂಥ ಯುವಕನೊಬ್ಬನನ್ನು ಭಾವಿಸಿಕೊಳ್ಳೋಣ. ಮಕ್ತಲದ ಕಡೆಯವನು; ದುಬೈಯಲ್ಲಿ ಕಟ್ಟಡದ ಕೆಲಸ. ಹೋಗಿ ಎರಡು ತಿಂಗಳಾಗುವಷ್ಟರಲ್ಲಿ ಊರಿನಲ್ಲಿ ತಂದೆ ತೀರಿಹೋದ ಸುದ್ದಿ ಬರುತ್ತದೆ. ಹಿಂದಿರುಗಲು ಹಣವಿಲ್ಲ, ರಜೆಯಿಲ್ಲ. ಕೊಳ್ಳಿಯಿಡುವ ಭಾಗ್ಯವು ತಮ್ಮನಿಗೆ ಹೋಯಿತು. ಕೇಶಮುಂಡನವನ್ನಾದರೂ ಮಾಡಿಸಿಕೊಳ್ಳಬೇಕೆಂದು ಅವನು ಬೀದಿಯ ಕ್ಷೌರದ ಅಂಗಡಿಯೊಂದನ್ನು ಹೊಗುವನು. ಕತ್ತರಿ ಹಿಡಿದು ನಿಂತವನು ಪಾಕಿಸ್ತಾನದವನು. ನಿಜಾಮರ ಕಾಲದಿಂದಲೂ ಈ ಸೀಮೆಯ ನಾಲಗೆಗೆ ಅಂಟಿರುವ ಉರ್ದು ಅಲ್ಲಿ ಕೈಹಿಡಿಯುತ್ತದೆ. ತಲೆಯನ್ನು ಪೂರ್ತಿಯಾಗಿ ಬೋಳಿಸುವುದೇಕೆಂದು ಅವನು ಕೇಳುವನು, ಯುವಕನು ಹೇಳುವನು.

ಆಮೇಲೆ ನಡೆಯುವುದು ಬಹಳ ಸಣ್ಣದು. ಅಂಗಡಿಯವನು ಗೋಡೆಯ ಟಿ.ವಿ.ಯನ್ನು ನಿಲ್ಲಿಸುವನು. ಕಾದು ಕುಳಿತವರಿಗೆ ಸ್ವಲ್ಪ ತಾಳಿರೆಂದು ಕೈಸನ್ನೆ ಮಾಡುವನು. ಅವಸರವಿಲ್ಲದೆ, ಹಸುಗೂಸಿನ ತಲೆಯನ್ನು ಹಿಡಿದಂತೆ ಹಿಡಿದು ಕೆಲಸವನ್ನು ಮುಗಿಸುವನು. ಕೊನೆಗೆ ಒದ್ದೆಬಟ್ಟೆಯಿಂದ ಒರಸಿ, ಬೋಳಾದ ಆ ತಲೆಯ ಮೇಲೆ ಅಂಗೈಯನ್ನು ಒಂದು ಗಳಿಗೆ ಇಟ್ಟು ತೆಗೆಯುವನು, ಹಣವನ್ನು ಮುಟ್ಟುವುದಿಲ್ಲ. ಮಡಿವಂತರು ಇದನ್ನು ಕೇಳಿ, ಅಂಥವನ ಕೈಯಿಂದಾದ ಮುಂಡನವು ಸಲ್ಲುವುದೇ ಎಂದು ವಿಚಾರಿಸಬಹುದು. ಆಪತ್ಕಾಲದಲ್ಲಿ ನಿಯಮವನ್ನು ಸಡಿಲಿಸಿದ ಶಾಸ್ತ್ರಕಾರರು ಅವರಿಗಿಂತ ಉದಾರಿಗಳಾಗಿದ್ದರೆಂದು ಹೇಳಿ ಮುಂದೆ ಹೋಗಬಹುದು.

ಕೂಲಿ ಪಡೆಯದಿದ್ದುದರಿಂದಲೇ ಅದು ದಯೆಯಾಯಿತು ಎಂದು ಕೆಲವರು ಭಾವಿಸುವರು. ಹಾಗಾದರೆ ಮುಂದಿನ ತಿಂಗಳು ಅದೇ ಅಂಗಡಿಯವನು ಹಣವನ್ನು ಎಣಿಸಿಕೊಂಡಾಗ ದಯೆಯು ಎಲ್ಲಿ ಹೋಯಿತು? ಕುರುವಪುರದ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ಹೋಗುವವರು ಕೃಷ್ಣೆಯನ್ನು ದಾಟಬೇಕು. ಅಂಬಿಗನು ಹಣವನ್ನು ತೆಗೆದುಕೊಳ್ಳುವನು. ಆದರೆ ನಡುನೀರಿನಲ್ಲಿ ಹೆದರಿದ ಮುದುಕಿಗೆ 'ಕಣ್ಣು ಮುಚ್ಚಿಕೊ, ಅಬ್ಬೆ' ಎಂದು ಅವನು ಹೇಳುವ ಮಾತಿಗೆ ದರವಿಲ್ಲ. ಕೂಲಿಯು ಕೂದಲಿಗೆ ಸಲ್ಲುವುದು, ನೀರಿಗೆ ಸಲ್ಲುವುದು. ಕೈಯ ಮೆತುಪಿಗೂ ಮಾತಿನ ತಂಪಿಗೂ ಯಾರೂ ಬೆಲೆ ಕಟ್ಟಿಲ್ಲ. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ. ಅಂಗಡಿಕಾರನ ವಿನಯವು ಗಿರಾಕಿಯನ್ನು ಹಿಡಿಯುವ ಗಾಳವೆಂಬ ಆಕ್ಷೇಪವೂ ಉಂಟು. ಕೆಲವೆಡೆ ನಿಜವೇ. ಆದರೆ ಎರಡು ತಿಂಗಳ ಕೂಲಿಯವನನ್ನು ಹಿಡಿದು ಯಾವ ಅಂಗಡಿಯೂ ಉದ್ಧಾರವಾಗುವುದಿಲ್ಲ.

ಊರಿನ ಕ್ಷೌರಿಕನೂ ಹೊಳೆಯ ದಂಡೆಯಲ್ಲಿ ಇದನ್ನೇ ಕೊಟ್ಟಿರಬೇಕು. ಆಯದ ಜೋಳವನ್ನು ಅಳೆದವರು ಅದನ್ನೂ ಜೋಳದೊಳಗೆ ಸೇರಿಸಿಬಿಟ್ಟರು. ಪರದೇಶದಲ್ಲಿ ಯಾವ ಹಕ್ಕೂ ಇಲ್ಲದವನಾಗಿ ಕುಳಿತಾಗ ಅದು ಬೇರೆಯಾಗಿ ಕಾಣಿಸಿತು.

ಪರದೇಶದ ಕುರ್ಚಿಯು ಎಲ್ಲರಿಗೂ ಹೀಗೆ ದೊರೆಯುವುದಿಲ್ಲ. ಗಾಂಧೀಜಿಯವರು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಪ್ರಿಟೋರಿಯದಲ್ಲಿ ಒಮ್ಮೆ ಬಿಳಿಯ ಕ್ಷೌರಿಕನೊಬ್ಬನು ಅವರ ಕೂದಲನ್ನು ಮುಟ್ಟುವುದಿಲ್ಲವೆಂದು ತಿರಸ್ಕಾರದಿಂದ ಹೇಳಿದನು. ನೊಂದ ಅವರು ಕತ್ತರಿಸುವ ಯಂತ್ರವೊಂದನ್ನು ಕೊಂಡು ಕನ್ನಡಿಯ ಮುಂದೆ ತಾವೇ ಕ್ಷೌರ ಮಾಡಿಕೊಂಡರು. ಮುಂದಲೆಯು ಒಂದು ರೀತಿ ಸರಿಹೋಯಿತು, ಹಿಂದಲೆಯು ಕೆಟ್ಟಿತು. ಇಲಿ ತಿಂದಿತೇ ಎಂದು ನ್ಯಾಯಾಲಯದ ಗೆಳೆಯರು ನಕ್ಕರು. ಆತ್ಮಕಥೆಯಲ್ಲಿ ಇದನ್ನು ಬರೆದ ಗಾಂಧೀಜಿಯವರು ಆ ಕ್ಷೌರಿಕನನ್ನು ನಿಂದಿಸಲಿಲ್ಲ. ಕರಿಯರ ಕ್ಷೌರ ಮಾಡಿದರೆ ಅವನ ಬಿಳಿಯ ಗಿರಾಕಿಗಳು ತಪ್ಪಿಹೋಗುವ ಸಂಭವವಿತ್ತು. ನಮ್ಮ ದೇಶದಲ್ಲಿಯೂ ಅಸ್ಪೃಶ್ಯರೆನಿಸಿಕೊಂಡವರ ಕ್ಷೌರವನ್ನು ಮಾಡಗೊಡುವುದಿಲ್ಲವಲ್ಲ, ಅದರ ಫಲವೇ ಇದು ಎಂದು ಎಣಿಸಿ ಅವರು ಕೋಪವನ್ನು ನುಂಗಿದರು.

ಅದೇ ಪ್ರಿಟೋರಿಯದಲ್ಲಿ ಅವರು ರೈಲಿನಿಂದಿಳಿದ ರಾತ್ರಿ ಇನ್ನೊಂದು ಸಂಗತಿ ನಡೆದಿತ್ತು. ದಿಕ್ಕು ತೋಚದೆ ನಿಂತಿದ್ದವರನ್ನು ಕಪ್ಪು ವರ್ಣದ ಅಮೆರಿಕದವನೊಬ್ಬನು ಜಾನ್‌ಸ್ಟನ್ ಎಂಬವನ ಹೋಟೆಲಿಗೆ ಕರೆದೊಯ್ದನು. ಜಾನ್‌ಸ್ಟನ್ನನು ಕೋಣೆಯನ್ನು ಕೊಟ್ಟನು. ಆದರೆ ಊಟವನ್ನು ಕೋಣೆಯಲ್ಲಿಯೇ ಮಾಡಬೇಕೆಂದನು. ಅವನ ಭಯವೂ ಕ್ಷೌರಿಕನ ಭಯವೂ ಒಂದೇ: ಗಿರಾಕಿಗಳು ಬಿಟ್ಟುಹೋದಾರು. ಆದರೆ ಅವನಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಉಳಿದವರನ್ನು ಕೇಳಿದನು. ತಮ್ಮ ಅಡ್ಡಿಯಿಲ್ಲವೆಂದು ಅವರು ಹೇಳಿದರು. ಗಾಂಧೀಜಿಯವರು ಭೋಜನಶಾಲೆಯಲ್ಲಿ ಕುಳಿತು ಉಂಡರು. ಮಹಾಪರ್ವತದಂತೆ ತೋರಿದ ಅಡ್ಡಿಯು ಯಾರೂ ಕೇಳದಿದ್ದುದರಿಂದ ನಿಂತಿತ್ತು, ಕೇಳಿದೊಡನೆ ಇಲ್ಲವಾಯಿತು. ಎಲ್ಲೆಡೆಯೂ ಇಷ್ಟು ಸುಲಭವಾಗುವುದೆಂದು ಹೇಳಲಾಗದು.

ಈ ದೇಶದ ಸಂವಿಧಾನ ಸಭೆಯಲ್ಲಿಯೂ ಕ್ಷೌರದ ಅಂಗಡಿಯ ಪ್ರಸ್ತಾಪ ಬಂದಿತ್ತು. 1948ರ ನವೆಂಬರ್ 29ರಂದು, 'ಅಂಗಡಿ' ಎಂಬ ಮಾತಿನಲ್ಲಿ ಅದೂ ಸೇರುವುದೇ ಎಂಬ ಪ್ರಶ್ನೆಗೆ ಡಾ. ಅಂಬೇಡ್ಕರರು ಉತ್ತರ ಕೊಟ್ಟರು. ಸೇವೆಯನ್ನು ಬೇಡಿ ಬಂದ ಯಾರಿಗಾದರೂ ಸೇವೆ ನೀಡಲು ಒಡೆಯನು ಸಿದ್ಧನಾಗಿರುವ ಸ್ಥಳವೇ ಅಂಗಡಿ ಎಂಬುದು ಅವರ ಅರ್ಥ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಲ್ಲಿ ಕ್ಷೌರದ ಅಂಗಡಿಯನ್ನು ಹೆಸರಿಸಿಯೇ ಸೇರಿಸಿದರು. ಅದಾಗಿ ಎಷ್ಟೋ ವರ್ಷಗಳ ಮೇಲೆ, 2024ರಲ್ಲಿ, ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೌರದ ಜಗಳದಲ್ಲಿ ದಲಿತ ಯುವಕನೊಬ್ಬನ ಪ್ರಾಣ ಹೋಯಿತು. ಕೊಪ್ಪಳವು ದೂರದ ಸೀಮೆಯಲ್ಲ. 1956ರ ವರೆಗೆ ಅದೂ ಮಕ್ತಲವೂ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು.

ಭಕ್ತರ ಕಥೆಗಳು ಇದಕ್ಕೆ ತದ್ವಿರುದ್ಧವಾಗಿವೆ. ಕ್ಷೌರಿಕರು ತಮ್ಮ ಕುಲಗುರುವೆಂದು ಪೂಜಿಸುವ ಹಡಪದ ಅಪ್ಪಣ್ಣನವರು ಕಲ್ಯಾಣದಲ್ಲಿ ಬಸವಣ್ಣನವರ ಮಗ್ಗುಲಲ್ಲಿದ್ದ ಶರಣರು. ಪಂಢರಿಯ ಭಕ್ತರು ಹೇಳುವ ಸೇನಾ ಮಹಾರಾಜರ ಕಥೆಯಂತೂ ಇನ್ನೂ ಮುಂದೆ ಹೋಗುತ್ತದೆ. ಪೂಜೆಯಲ್ಲಿ ಮೈಮರೆತು ಕುಳಿತ ಸೇನಾನಿಗೆ ಅರಸನ ಕರೆ ಬಂದರೂ ತಿಳಿಯಲಿಲ್ಲ. ವಿಠಲನೇ ಅವನ ರೂಪದಲ್ಲಿ ಹಡಪವನ್ನು ಬಗಲಿಗೆ ಹಾಕಿಕೊಂಡು ಹೋಗಿ ಅರಸನ ಸೇವೆ ಮಾಡಿ ಬಂದನು. ಈ ಕಥೆಯನ್ನು ಕೀರ್ತನೆಯಲ್ಲಿ ಕೇಳಿ ಕಣ್ಣೊರಸಿಕೊಂಡವರು ಬೆಳಗಾದ ಮೇಲೆ ಕ್ಷೌರದ ಅಂಗಡಿಗೆ ಹೋಗಿ ಕುಳಿತುಕೊಳ್ಳುವರು.

ಎರಡು ವರ್ಷದ ಮೇಲೆ ಊರಿಗೆ ಬಂದ ಆ ಮಕ್ತಲದ ಕಡೆಯ ಯುವಕನೂ ಹಾಗೆಯೇ ಹೋಗುವನು. ಹಳೆಯ ಕುರ್ಚಿ, ಹಳೆಯ ಕನ್ನಡಿ. ಅಂಗಡಿಯವನು ತಂದೆಯ ಮಾತೆತ್ತಿ, ಹೊಳೆಯ ದಂಡೆಯಲ್ಲಿ ಅಂದು ತಾನೂ ಇದ್ದೆನೆಂದು ಹೇಳುವನು. ಕತ್ತರಿಯಾಡುತ್ತಿರುವಾಗ ಬಾಗಿಲಿನ ಹೊರಗೆ ಊರಿನ ಆಚೆಯ ಕೇರಿಯವನೊಬ್ಬನು ಬಂದು ನಿಲ್ಲುವನು. ಒಳಗೆ ಬಾ ಎನ್ನಲು ಅಂಗಡಿಯವನು ಅಂಜುವನು. ಬೆಂಚಿನ ಮೇಲಿನ ನಾಲ್ವರು ಗಿರಾಕಿಗಳ ಮುಖವನ್ನು ಕನ್ನಡಿಯಲ್ಲಿ ನೋಡುವನು. ಅವರು ನೆಲವನ್ನು ನೋಡುವರು. ಕುರ್ಚಿಯಲ್ಲಿ ಕುಳಿತವನಿಗೆ ಆ ಐವರೂ, ಬಾಗಿಲಲ್ಲಿ ನಿಂತವನೂ ಒಂದೇ ಕನ್ನಡಿಯಲ್ಲಿ ಕಾಣುತ್ತಿರುವರು. ಜಾನ್‌ಸ್ಟನ್ನನ ಹೋಟೆಲಿನ ಅತಿಥಿಗಳು ಆಡಿದ ಆ ಒಂದು ಮಾತನ್ನು ಈಗ ಅವನು ಆಡಬೇಕು, ಇಲ್ಲವೆ ಹಣ ಕೊಟ್ಟು ಎದ್ದು ಹೋಗಬೇಕು.