ನೆರೆಯವರ ನಿದ್ದೆ ಕಾಯ್ದ ಪಿಯಾನೋ

ಸದ್ದು ಮಾಡಿದವನಿಗೇ ಲೋಕ ಕಿವಿಗೊಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಟಿವಿಯಲ್ಲಿ ಕಿರುಚಿದವನು ವಾದ ಗೆದ್ದಂತೆ, ಮೈಕು ಜೋರಾಗಿದ್ದ ಪೆಂಡಾಲು ದೊಡ್ಡ ಪೆಂಡಾಲು ಎಂದಂತೆ. ಇಂಥ ಹೊತ್ತಿನಲ್ಲಿ ಒಂದೇ ವಾದ್ಯ, ಕೆಲವೇ ಸ್ವರ, ಅವಸರವಿಲ್ಲದ ನಡೆ, ಇಷ್ಟನ್ನೇ ನೆಚ್ಚಿಕೊಂಡ ಸಂಗೀತವೊಂದು ಲೋಕದ ಮೂಲೆಮೂಲೆಯ ಕಿವಿಗಳನ್ನು ತಲುಪಿದೆ. ಅದನ್ನು ನಿಯೋಕ್ಲಾಸಿಕಲ್ ಪಿಯಾನೋ ಎನ್ನುತ್ತಾರೆ. ಇಟಲಿಯ ಲುಡೋವಿಕೊ ಐನೌಡಿ, ಜರ್ಮನಿಯ ನಿಲ್ಸ್ ಫ್ರಾಮ್, ಐಸ್‌ಲ್ಯಾಂಡಿನ ಓಲಾಫುರ್ ಆರ್ನಾಲ್ಡ್ಸ್, ಕೊರಿಯಾದ ಇರುಮಾ ಇದರಲ್ಲಿ ಹೆಸರು ಮಾಡಿದವರು. ಇಲ್ಲಿ ಹಾಡಿಲ್ಲ, ಮಾತಿಲ್ಲ, ಬೆರಳಿನ ಚಳಕ ತೋರಿಸುವ ಹಟವೂ ಇಲ್ಲ. ಆದರೂ ಇದನ್ನು ಕೇಳುತ್ತ ಕಣ್ಣು ತುಂಬಿಕೊಳ್ಳುವವರು ಬಹಳ. ಯಾಕೆ ಹಾಗಾಗುತ್ತದೆ? ಆ ಕಣ್ಣೀರಿನಿಂದ ಯಾರಿಗಾದರೂ ಒಳ್ಳೆಯದಾಗುತ್ತದೆಯೇ? ಮೊದಲನೆಯದು ಸಂಗೀತದ ಪ್ರಶ್ನೆ, ಎರಡನೆಯದು ಬದುಕಿನದು. ಎರಡನ್ನೂ ಒಟ್ಟಿಗೇ ಕೇಳಬೇಕೆಂದು ನನಗೆ ಅನ್ನಿಸುತ್ತದೆ.

ನಾನಿರುವ ನವಿ ಮುಂಬಯಿಯ ಸಾನಪಾಡಾ ಸದ್ದಿನ ನಡುವೆ ಇರುವ ಊರು. ಸಾಯನ್-ಪನ್ವೇಲ್ ಹೆದ್ದಾರಿ, ಪಾಮ್ ಬೀಚ್ ರಸ್ತೆ, ಹಾರ್ಬರ್ ಲೈನು, ಲೋಕಲ್ ಗಾಡಿಗಳ ಕಾರ್‌ಶೆಡ್ಡು, ಎಪಿಎಂಸಿ ಮಾರ್ಕೆಟಿಗೆ ರಾತ್ರಿಯಿಡೀ ಬರುವ ಲಾರಿಗಳು, ಎಲ್ಲವೂ ಕೈಯಳತೆಯಲ್ಲಿವೆ. ಸಂಜೆ ಸಿಎಸ್‌ಎಂಟಿಯಿಂದ ಬರುವ ಗಾಡಿ ಮಾನ್‌ಖುರ್ದ್ ದಾಟಿ ವಾಶಿ ಖಾಡಿಯ ಸೇತುವೆಗೆ ಬಂದಾಗ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ನಿಂತ ಹುಡುಗ ಹುಡುಗಿಯರನ್ನು ನೋಡುತ್ತೇನೆ. ಎಲ್ಲರೂ ಪಿಯಾನೋ ಕೇಳುತ್ತಿರುತ್ತಾರೆಂದಲ್ಲ. ಆದರೆ ಕೇಳುವವರು ಇದ್ದಾರೆ, ಕಲಿಯುವವರೂ ಇದ್ದಾರೆ. ಇಲ್ಲಿನ ಫ್ಲ್ಯಾಟುಗಳಿಗೆ ದೊಡ್ಡ ಪಿಯಾನೋ ಹಿಡಿಸುವುದಿಲ್ಲ. ಗೋಡೆಗೊರಗಿಸಿಟ್ಟ ಕೀಬೋರ್ಡೇ ಪಿಯಾನೋ. ಮಕ್ಕಳು ಕ್ಲಾಸಿಗೆ ಹೋಗುತ್ತಾರೆ, ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ, ಪರೀಕ್ಷೆಯ ಪಾಠ ಮುಗಿದ ಮೇಲೆ ತಮಗಿಷ್ಟವಾದದ್ದನ್ನು ನುಡಿಸುತ್ತಾರೆ.

ನಮ್ಮ ಬಿಲ್ಡಿಂಗಿನಲ್ಲಿ ಹಾಗೆ ನುಡಿಸುವ ಒಬ್ಬ ಮರಾಠಿ ಹುಡುಗಿ ಇದ್ದಾಳೆ. ಇರುಮಾ 2001ರಲ್ಲಿ ಹೊರತಂದ ‘ರಿವರ್ ಫ್ಲೋಸ್ ಇನ್ ಯೂ’ ಅವಳ ಸಂಜೆಯ ಪಾಠ. ಅವಳ ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ. ಆಯುಷ್ಯವೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತವರು, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿದವರು, ಈಗ ಒಂಟಿ. ಒಂದು ದಿನ ಲಿಫ್ಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು, “ಆ ಹುಡುಗಿ ಬಾರಿಸ್ತದಲ್ಲ, ಅದು ಯಾವ ರಾಗ ಮಾರಾಯ್ರೇ?”

“ರಾಗ ಅಂತ ಏನೂ ಅಲ್ಲ, ಕೊರಿಯಾದವರ ಸಂಗೀತ” ಎಂದೆ.

“ರಾಗ ಅಲ್ಲದಿದ್ರೂ ಅಡ್ಡಿಯಿಲ್ಲ. ಮಾತೇ ಇಲ್ಲ, ಆದ್ರೂ ಎಂತದೋ ಹೇಳಿದ ಹಾಗೆ ಆಗ್ತದೆ. ನಮ್ಮ ಮನೆಯವಳ ನೆನಪಾಗ್ತದೆ” ಎಂದು ಸುಮ್ಮನಾದರು.

ಹುಡುಗಿಗೆ ಅವರ ಮನೆಯವಳ ವಿಚಾರ ಗೊತ್ತಿಲ್ಲ. ಅವಳ ಮನಸ್ಸಿನಲ್ಲಿರುವುದು ಎಡಗೈ ತಪ್ಪದಿರಲಿ ಎಂಬ ಚಿಂತೆ. ಆಕೆಯ ಬೆರಳಿನಿಂದ ಹೊರಟದ್ದು ಪಾಠ, ಅವರಿಗೆ ಮುಟ್ಟಿದ್ದು ಅಗಲಿಕೆ. ನಡುವೆ ಏನಾಯಿತು ಎಂಬುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹಳೆಯ ವಿವರಣೆಯಿದೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಭಟ್ಟನಾಯಕನ ಸಾಧಾರಣೀಕರಣ ಗೊತ್ತಿರುತ್ತದೆ. ರಂಗದ ಮೇಲಿನ ಶೋಕ ರಾಮನದಾಗಿ ಉಳಿಯುವುದಿಲ್ಲ, ನಟನದೂ ಅಲ್ಲ. ಯಾರ ಸ್ವತ್ತೂ ಅಲ್ಲದ್ದರಿಂದ ಎಲ್ಲರಿಗೂ ಸಲ್ಲುತ್ತದೆ. ಅಭಿನವಗುಪ್ತ ಇದನ್ನೇ ಇನ್ನಷ್ಟು ಬೆಳೆಸಿದ. ನಾಟಕದಲ್ಲಿ ರಾಮನೆಂಬ ಹೆಸರಾದರೂ ಇರುತ್ತದೆ. ಈ ಪಿಯಾನೋದಲ್ಲಿ ಅದೂ ಇಲ್ಲ. ಹೆಸರಿಲ್ಲದ ಜಾಗದಲ್ಲಿ ಕೇಳುವವನು ತನ್ನವರ ಹೆಸರನ್ನು ತಾನೇ ತಂದಿಡುತ್ತಾನೆ.

ವಾದ್ಯದ ಗುಣವೂ ಇದಕ್ಕೆ ಅನುಕೂಲವಾಗಿದೆ. ಪಿಯಾನೋದ 88 ಕೀಲಿಗಳ ಹಿಂದೆ ಸುಮಾರು 230 ತಂತಿಗಳಿವೆ. ಕೀಲಿ ಒತ್ತಿದರೆ ಉಣ್ಣೆಯ ಫೆಲ್ಟ್ ಸುತ್ತಿದ ಸಣ್ಣ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಅಲ್ಲಿಗೆ ನುಡಿಸುವವನ ಅಧಿಕಾರ ಹೆಚ್ಚುಕಡಿಮೆ ಮುಗಿಯಿತು. ಗಾಯಕ ಸ್ವರವನ್ನು ಹಿಗ್ಗಿಸಬಲ್ಲ, ಸಾರಂಗಿಯವನು ಎಳೆಯಬಲ್ಲ. ಪಿಯಾನೋದ ಸ್ವರ ದೇವಸ್ಥಾನದ ಗಂಟೆಯ ದನಿಯಂತೆ, ಹುಟ್ಟಿದ ಕ್ಷಣದಿಂದಲೇ ಅಳಿಯತೊಡಗುತ್ತದೆ. ಪೆಡಲ್ ಒತ್ತಿದರೆ ಅಳಿವು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ವೇಗವಾಗಿ ನುಡಿಸಿದಾಗ ಈ ಅಳಿವು ಕಿವಿಗೆ ಬೀಳುವುದೇ ಇಲ್ಲ. ಐನೌಡಿಯಂಥವರು ನಿಧಾನಿಸಿ, ಸ್ವರಗಳ ನಡುವೆ ಜಾಗ ಬಿಟ್ಟು, ಅದನ್ನು ನಮಗೆ ಕೇಳಿಸುತ್ತಾರೆ. ಐನೌಡಿಯ 2004ರ ‘ನುವೊಲೆ ಬಿಯಾಂಕೆ’ಯಲ್ಲಿ ಎಡಗೈ ಅದದೇ ನಾಲ್ಕಾರು ಸ್ವರಮೇಳಗಳನ್ನು ಸುತ್ತಿಸುತ್ತಿರುತ್ತದೆ, ಬಲಗೈ ಅದರ ಮೇಲೆ ಸಣ್ಣ ಸ್ವರಪಂಕ್ತಿಯೊಂದನ್ನು ಇಡುತ್ತದೆ, ತೆಗೆಯುತ್ತದೆ, ತುಸು ಬದಲಿಸಿ ಮತ್ತೆ ಇಡುತ್ತದೆ. ಸುತ್ತು ಮತ್ತೆ ಬರುತ್ತದೆಂಬ ಭರವಸೆ ಒಂದು ಕಡೆ, ಪ್ರತಿ ಸ್ವರವೂ ಕರಗಿಹೋಗುತ್ತಿದೆ ಎಂಬ ಅರಿವು ಇನ್ನೊಂದು ಕಡೆ. ಹೋದವರನ್ನು ನೆನೆಯುವಾಗ ಮನಸ್ಸು ಇರುವುದೂ ಹೀಗೆಯೇ.

ರಾಗ ಯಾವುದೆಂದು ಆ ಹಿರಿಯರು ಕೇಳಿದ್ದರಲ್ಲಿ ಒಂದು ನಿಜವಿತ್ತು. ಪಿಯಾನೋದಲ್ಲಿ ಮೀಂಡ್ ಬಾರದು. ಸ್ವರದಿಂದ ಸ್ವರಕ್ಕೆ ಜಾರಲಾಗದ ಇದೇ ಕೊರತೆಗಾಗಿ ಹಾರ್ಮೋನಿಯಂ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಹೊರಗಿತ್ತು. ಹಾಗಿದ್ದೂ ಈ ಸಂಗೀತದ ಹಿರಿಯರ ಮನೆಗೆ ನಮ್ಮ ರಾಗ ತಾಳಗಳು ಬಹಳ ಹಿಂದೆಯೇ ಹೋಗಿವೆ. ಐನೌಡಿಯ ಪೀಳಿಗೆಗೆ ದಾರಿ ಮಾಡಿಕೊಟ್ಟವರು, ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ಸುತ್ತಿಸುವ ಅಮೆರಿಕದ ಮಿನಿಮಲಿಸ್ಟರು. ಅವರಲ್ಲಿ ಫಿಲಿಪ್ ಗ್ಲಾಸ್ 1960ರ ದಶಕದ ನಡುವೆ ಪ್ಯಾರಿಸ್ಸಿನಲ್ಲಿ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುವ ಕೆಲಸ ಮಾಡಿದರು. ತಬಲಾದ ಅಲ್ಲಾ ರಖಾ ಅವರ ತಾಳದ ಲೆಕ್ಕ ಕಂಡು ತಮ್ಮ ದಾರಿ ಬದಲಿಸಿಕೊಂಡರು. ಅವರಲ್ಲೇ ಇನ್ನೊಬ್ಬರಾದ ಟೆರ್ರಿ ರೈಲಿ 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಒಂದು ಸ್ವರದ ಬಳಿ ಸಾಕಷ್ಟು ಹೊತ್ತು ನಿಲ್ಲುವ, ಕೇಳುಗನಿಗೂ ನಿಲ್ಲಲು ಕಲಿಸುವ ಕಿರಾನಾ ಗುಣ ಧಾರವಾಡಕ್ಕೂ ಬಂತು, ನ್ಯೂಯಾರ್ಕಿಗೂ ಹೋಯಿತು. ಬಡಾ ಖಯಾಲಿನ ವಿಲಂಬಿತ ಲಯ ಕೇಳಿ ಬೆಳೆದ ಕನ್ನಡಿಗನಿಗೆ ಈ ಪಿಯಾನೋದ ನಿಧಾನ ಪರಕೀಯ ಅನ್ನಿಸದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಗಂಗೂಬಾಯಿಯವರ ಒಂದು ಆಲಾಪದ ಹಿಂದೆ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಮಾಡಿದ ಸಾಧನೆಯಿದೆ. ಅದರ ಪಕ್ಕದಲ್ಲಿಟ್ಟರೆ ಈ ಪಿಯಾನೋ ತೀರಾ ಸುಲಭ ಎಂದು ಸಂಗೀತ ಬಲ್ಲವರು ಆಕ್ಷೇಪಿಸುತ್ತಾರೆ. ನಿದ್ದೆಗೆ ಒಂದು ಪಟ್ಟಿ, ಓದಿಗೆ ಒಂದು ಪಟ್ಟಿ, ಮಳೆಗಾಲದ ಸಂಜೆಗೆ ಇನ್ನೊಂದು ಪಟ್ಟಿ ಎಂದು ಮೊಬೈಲಿನಲ್ಲಿ ಇದನ್ನು ಮಾರುತ್ತಾರೆ. ಕೇಳದೆಯೇ ಕೇಳುವ ಸಂಗೀತವಾಗಿಬಿಟ್ಟಿದೆ ಎನ್ನುತ್ತಾರೆ. ಅಂಥ ಸಂಗೀತದ ಬಯಕೆ ಹಳೆಯದೇ. ಫ್ರಾನ್ಸಿನ ಎರಿಕ್ ಸಾಟಿ 1888ರಲ್ಲೇ ‘ಜಿಮ್ನೊಪೆದಿ’ಗಳನ್ನು ಬರೆದು ಈ ಬಗೆಯ ಬಿಡುವಾದ ಪಿಯಾನೋಗೆ ದಾರಿ ತೆರೆದವರು, ಕೋಣೆಯ ಕುರ್ಚಿ ಮೇಜಿನ ಹಾಗೆ ತಮ್ಮ ಪಾಡಿಗೆ ಇರುವ ಸಂಗೀತ ಬೇಕೆಂದು ಆಮೇಲೆ ಹೇಳಿದವರೂ ಅವರೇ. 2015ರಲ್ಲಿ ಇದೇ ಬಗೆಯ ಸಂಗೀತಗಾರ ಮ್ಯಾಕ್ಸ್ ರಿಕ್ಟರ್ ನಿದ್ದೆಗೆಂದೇ ಎಂಟು ಗಂಟೆಗೂ ಮೀರಿದ ‘ಸ್ಲೀಪ್’ ರಚಿಸಿದರು. ದಣಿದವನಿಗೆ ನಿದ್ದೆ ಬಂದರೆ ಅದು ಸಣ್ಣ ಉಪಕಾರವೇನಲ್ಲ, ಆ ಬಗ್ಗೆ ನನಗೆ ತಕರಾರಿಲ್ಲ. ನನ್ನ ಅಳುಕು ಬೇರೆ. ಕಷ್ಟವಿಲ್ಲದೆ ಕರಗುವ ಮನಸ್ಸು ತಾನು ಕರಗಿದ್ದನ್ನೇ ದೊಡ್ಡ ಗುಣವೆಂದು ತಿಳಿದುಬಿಡಬಹುದು. ಇಯರ್‌ಫೋನಿನಲ್ಲಿ ಅತ್ತವನು ಮನೆಗೆ ಬಂದು ಅಮ್ಮನ ಮಾತಿಗೆ ಸಿಡುಕಬಹುದು. ಕರುಣೆಯ ಪಾಲನ್ನು ಆಗಲೇ ಸಂದಾಯ ಮಾಡಿಯಾಯಿತು ಎಂಬಂತೆ.

ಈ ಅಳುಕಿಗೆ ಉತ್ತರ ಸಿಕ್ಕಿದ್ದು ಈ ಸಂಗೀತದ ಚರಿತ್ರೆಯಲ್ಲೇ. ಬರ್ಲಿನ್ನಿನಲ್ಲಿ ನಿಲ್ಸ್ ಫ್ರಾಮ್ ರಾತ್ರಿ ಹೊತ್ತು ಪಿಯಾನೋ ನುಡಿಸುತ್ತಿದ್ದರು. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಸುತ್ತಿಗೆಗೂ ತಂತಿಗೂ ನಡುವೆ ದಪ್ಪ ಫೆಲ್ಟ್ ಹಾಸಿದರು. ದನಿ ತಗ್ಗಿತು. ತಗ್ಗಿದ ದನಿಯನ್ನು ಹಿಡಿಯಲು ಮೈಕನ್ನು ಪಿಯಾನೋದ ಒಳಕ್ಕೇ ಇಡಬೇಕಾಯಿತು. ಹಾಗೆ ಇಟ್ಟಾಗ ಅಷ್ಟು ದಿನ ಯಾರೂ ಗಮನಿಸದಿದ್ದುದೆಲ್ಲ ಕೇಳಿಸಿತು: ಕೀಲಿ ಏಳುವಾಗಿನ ಕಟಕಟ, ಮರದ ಕಿರುಗುಟ್ಟುವಿಕೆ, ನುಡಿಸುವವನ ಉಸಿರು. 2011ರಲ್ಲಿ ‘ಫೆಲ್ಟ್’ ಎಂಬ ಹೆಸರಿನಲ್ಲೇ ಆ ಆಲ್ಬಮ್ ಬಂತು. ಮೆತ್ತಗೆ, ಕಿವಿಯ ಪಕ್ಕದಲ್ಲೇ ಕೂತು ನುಡಿಸಿದಂತಿರುವ ಆ ದನಿಗೆ ಜನ ಮನಸೋತರು; ಇಂದು ಎಷ್ಟೋ ಪಿಯಾನೋ ಧ್ವನಿಮುದ್ರಿಕೆಗಳು ಅದೇ ದನಿಯನ್ನು ಹುಡುಕಿಕೊಂಡು ಹೋಗುತ್ತವೆ.

ನನಗೆ ಮುಖ್ಯವಾಗಿ ಕಾಣುವುದು ದನಿ ಹುಟ್ಟಿದ ಕಾರಣ. ಕೇಳುಗರು ಮೆಚ್ಚಿದ ಆ ಆಪ್ತತೆಯನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ. ಗೋಡೆಯಾಚೆ ಮಲಗಿದವರ ಮೇಲಿನ ದಾಕ್ಷಿಣ್ಯದಿಂದ ಅದು ಬಂತು. ತನ್ನ ಸುಖಕ್ಕೆ ತಾನೇ ಒಂದು ಮಿತಿ ಹಾಕಿಕೊಂಡಾಗ ಆ ಸುಖಕ್ಕೇ ಹೊಸ ಆಳ ದಕ್ಕಿತು. ಹಾಗಾದರೆ ಈ ಸಂಗೀತದ ಮೃದುತ್ವದ ಬೇರು ಇರುವುದು ಒಂಟಿತನದಲ್ಲಲ್ಲ, ನೆರೆಹೊರೆಯಲ್ಲಿ. ಅಲ್ಲಿಂದ ಬಂದದ್ದು ಅಲ್ಲಿಗೇ ಮರಳಬೇಕು. ಕೇಳಿ ಕರಗಿದ ಮನಸ್ಸು ಯಾರ ಮೇಲಾದರೂ ಕಾಳಜಿಯಾಗಿ ಹರಿಯದಿದ್ದರೆ ಸಂಗೀತ ಅರ್ಧಕ್ಕೇ ನಿಂತಂತೆ.

ನಮ್ಮ ಸೊಸೈಟಿಗಳ ಗೋಡೆ ತೆಳು. ಒಂದು ಮನೆಯ ಮಿಕ್ಸರ್ ಮೂರು ಮನೆಗೆ ಕೇಳಿಸುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ರ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಿಯಮ ಇರುವುದು ದಂಡಕ್ಕೆ ಹೆದರುವವರಿಗೆ. ಪೂಜೆಯಿರಲಿ, ಹುಟ್ಟುಹಬ್ಬವಿರಲಿ, ಪಕ್ಕದ ಮನೆಯಲ್ಲಿ ಹಸುಗೂಸಿದೆ, ಮೇಲಿನ ಮನೆಯಲ್ಲಿ ಕಾಯಿಲೆಯವರಿದ್ದಾರೆ, ರಾತ್ರಿಪಾಳಿ ಮುಗಿಸಿದವರು ಈಗಷ್ಟೇ ಮಲಗಿದ್ದಾರೆ ಎಂದು ನೆನಪಿಟ್ಟು ದನಿ ತಗ್ಗಿಸುವವರಿಗೆ ನಿಯಮದ ಹಂಗಿಲ್ಲ. ಅವರು ಪಿಯಾನೋ ಕೇಳದಿದ್ದರೂ ಅದರ ಸಾರ ತಿಳಿದವರು.

ದೂರದ ದುಃಖಕ್ಕೆ ಮರುಗುವುದು ಹತ್ತಿರದ್ದಕ್ಕೆ ಮರುಗುವುದಕ್ಕಿಂತ ಸುಲಭ ಎಂಬುದನ್ನೂ ಹೇಳಬೇಕು. 2016ರಲ್ಲಿ ಐನೌಡಿ ಆರ್ಕ್ಟಿಕ್ ಸಮುದ್ರದಲ್ಲಿ, ಸ್ವಾಲ್ಬಾರ್ಡಿನ ಹಿಮನದಿಯೊಂದರ ಎದುರು, ತೇಲುವ ಹಲಗೆಯ ಮೇಲೆ ಕೂತು ‘ಎಲಿಜಿ ಫಾರ್ ದಿ ಆರ್ಕ್ಟಿಕ್’ ನುಡಿಸಿದರು. ಅದರ ದೃಶ್ಯಗಳಲ್ಲಿ ಹಿಂದೆ ಮಂಜಿನ ಗೋಡೆ ಕಳಚಿ ನೀರಿಗೆ ಬೀಳುತ್ತದೆ. ಅದನ್ನು ನೋಡಿ ನಿಟ್ಟುಸಿರು ಬಿಟ್ಟವರಲ್ಲಿ ನವಿ ಮುಂಬಯಿಯವರೂ ಇರಬಹುದು. ಅವರ ಮನೆಯ ಹಿಂದೆಯೇ ಠಾಣೆ ಖಾಡಿಯ ಕೆಸರು, ಕಾಂಡ್ಲಾ ಗಿಡ, ಚಳಿಗಾಲಕ್ಕೆ ಬರುವ ಫ್ಲೆಮಿಂಗೋಗಳಿವೆ. ಆ ಖಾಡಿಯ ಒಂದು ಭಾಗ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಖಾಡಿ ರಾಮ್ಸಾರ್ ಒಪ್ಪಂದದಡಿ ಜಾಗತಿಕ ಮಹತ್ವದ ಜೌಗುತಾಣವೆನಿಸಿತು. 2024ರಲ್ಲಿ ಸೀವುಡ್ಸ್ ಕೆರೆಯ ಬಳಿ ಫ್ಲೆಮಿಂಗೋಗಳು ಸತ್ತ ಸುದ್ದಿಯನ್ನೂ ನಾವೆಲ್ಲ ಓದಿದ್ದೇವೆ. ಅಲ್ಲಿ ಪಿಯಾನೋ ಇರಲಿಲ್ಲ. ಹಿನ್ನೆಲೆ ಸಂಗೀತವಿಲ್ಲದ ನೋವನ್ನೂ ಗುರುತಿಸುವಷ್ಟು ಮನಸ್ಸು ಹದವಾಗಬೇಕಾದರೆ ನಾವು ಕೇಳಿದ್ದೆಲ್ಲ ಆ ದಿಕ್ಕಿಗೆ ತಿರುಗಬೇಕು.

ಆದ್ದರಿಂದ ಈ ಸಂಗೀತ ಮೇಲೋ ಕೀಳೋ, ಶಾಸ್ತ್ರೀಯವೋ ಲಘುವೋ ಎಂಬ ಚರ್ಚೆಯನ್ನು ನಾನು ಬಲ್ಲವರಿಗೆ ಬಿಡುತ್ತೇನೆ. ಕೇಳುವವನಾಗಿ ನನಗಿರುವ ಕೆಲಸ ಬೇರೆ. ಹತ್ತು ನಿಮಿಷ ಒಂದೊಂದೇ ಸ್ವರವನ್ನು ಕೊನೆಯವರೆಗೆ ಕೇಳುವ ತಾಳ್ಮೆ ಪಿಯಾನೋದ ಮುಂದೆ ನನಗೆ ಬರುತ್ತದೆ ಎಂದ ಮೇಲೆ, ಹೇಳಿದ್ದನ್ನೇ ಹೇಳುವ ವಯಸ್ಸಾದವರ ಮುಂದೆಯೂ ಅದು ಬರಬೇಕು. ಅವರ ಮಾತೂ ಅದದೇ ಸುತ್ತು ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ತುಸು ಬದಲಾಗಿರುತ್ತದೆ. ಅವಸರದಲ್ಲಿರುವವರಿಗೆ ಆ ಬದಲಾವಣೆ ಕಾಣುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡವರಿಗೆ ಮೇಲಿನ ಮನೆಯ ಕೀಬೋರ್ಡು ಕೊಡುವ ಸಮಾಧಾನ ಒಂದು ಪಾಲು. ಉಳಿದ ಪಾಲನ್ನು ಮನುಷ್ಯರೇ ಕೊಡಬೇಕು, ಬಾಗಿಲು ತಟ್ಟಿ, ಒಳಗೆ ಹೋಗಿ, ಕುಳಿತು.