ಮೋಸ ಹೋದವರನ್ನು ಗದರುವ ಮುನ್ನ



ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ನಮ್ಮ ಬೀದಿಯ ಒಬ್ಬ ಖಾಲಾ ನನ್ನಲ್ಲಿ ಕೇಳಿದ ಪ್ರಶ್ನೆ. ಅವರಿಗೆ ಅರುವತ್ತು ದಾಟಿದೆ. ಉರ್ದು ಓದಬಲ್ಲರು, ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾರೆ, ಇಂಗ್ಲಿಷ್ ಬಾರದು. ಮಗ ದುಬೈಯಲ್ಲಿದ್ದಾನೆ. ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ಬದಲಾಯಿಸಲೆಂದು ಅವನು ಕಳುಹಿಸಿದ್ದ 40,000 ರೂಪಾಯಿ ಅವರ ಖಾತೆಯಲ್ಲಿತ್ತು.

ಒಂದು ಮಧ್ಯಾಹ್ನ ಫೋನ್ ಬಂತು. ಕರೆ ಮಾಡಿದವನು ಒಳ್ಳೆಯ ಕನ್ನಡದಲ್ಲಿ ‘ಅಮ್ಮಾ’ ಎಂದೇ ಮಾತು ಆರಂಭಿಸಿದ. ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ, ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಸಂಜೆಯೊಳಗೆ ಸರಿಪಡಿಸದಿದ್ದರೆ ಖಾತೆ ಬಂದ್ ಆಗುತ್ತದೆ ಎಂದ. ಎಟಿಎಂ ಕಾರ್ಡಿನ ಎರಡೂ ಬದಿಯ ಅಂಕೆಗಳನ್ನು ಕೇಳಿ ಬರೆದುಕೊಂಡ. ಈಗ ಒಂದು ಮೆಸೇಜು ಬರುತ್ತದೆ, ಅದರಲ್ಲಿರುವ ಆರು ಅಂಕೆಗಳನ್ನು ಓದಿ ಎಂದ. ಖಾಲಾ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿದರು. ಫೋನ್ ಇಡುವಾಗ ‘ಅಲ್ಲಾಹ್ ನಿನಗೆ ಒಳ್ಳೆಯದು ಮಾಡಲಿ ಮಗಾ’ ಎಂದರಂತೆ.

ಹಣ ಹೋದದ್ದು ಅವರಿಗೆ ಅಂದು ಸಂಜೆಯೇ ತಿಳಿಯಿತು. ಆದರೆ ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಮಗ ಬಯ್ಯುತ್ತಾನೆ, ಸೊಸೆ ನಗುತ್ತಾಳೆ ಎಂಬ ಭಯ. ಹತ್ತನೆಯ ದಿನ ಅಸರ್ ನಮಾಝಿನ ಬಳಿಕ ಮದ್ರಸದ ಬಾಗಿಲಿಗೆ ಬಂದು ನಿಂತರು. ‘ಹಜರತ್, ಇದು ನನ್ನ ಗುನಾಹೇ?’ ಎಂದು ಕೇಳಿದರು.

ನಾನು ಏನು ಉತ್ತರಿಸಿದೆ ಬಲ್ಲಿರಾ? ‘ಅಲ್ಲಾ ಖಾಲಾ, ಆ ನಂಬರ್ ಯಾಕೆ ಹೇಳಿದ್ರಿ?’ ಎಂದೆ. ಹತ್ತು ವರ್ಷ ದೀನ್ ಕಲಿತು, ಬಳಿಕ ಕಾಲೇಜಿನಲ್ಲಿ ಪದವಿ ಪಡೆದವನ ಬಾಯಿಂದ ಬಂದ ಮೊದಲ ಮಾತು ಅದು. ಅವರು ಸೆರಗು ಸರಿಪಡಿಸಿಕೊಂಡು ಸುಮ್ಮನಾದರು. ಆ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೋಸ ಹೋದವರೂ ತಪ್ಪಿತಸ್ಥರೇ? ಕಾನೂನಿನ ಉತ್ತರ ಸ್ವಲ್ಪ ಕಠಿಣವಾಗಿದೆ. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಒಂದು ವಿಭಜನೆ ಮಾಡಿತು. ಬ್ಯಾಂಕಿನ ತಪ್ಪೂ ಇಲ್ಲದೆ, ಗ್ರಾಹಕನ ತಪ್ಪೂ ಇಲ್ಲದೆ ಮೂರನೆಯವನೊಬ್ಬ ಹಣ ಲಪಟಾಯಿಸಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಗುಪ್ತ ಅಂಕೆಗಳನ್ನು ಗ್ರಾಹಕನೇ ಹೇಳಿಕೊಟ್ಟಿದ್ದರೆ ಅದು ಅವನ ಅಜಾಗರೂಕತೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ನಂತರ ಆಗುವ ನಷ್ಟ ಮಾತ್ರ ಬ್ಯಾಂಕಿನದು. ಲೆಕ್ಕದ ದೃಷ್ಟಿಯಿಂದ ಇದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಖಾಲಾ ಕೇಳಿದ್ದು ಲೆಕ್ಕದ ಪ್ರಶ್ನೆಯಲ್ಲ.

ಹದೀಸ್ ಗ್ರಂಥಗಳಲ್ಲಿ ಒಬ್ಬರ ಪ್ರಸ್ತಾಪವಿದೆ. ಅವರ ಬುದ್ಧಿ ಸ್ವಲ್ಪ ದುರ್ಬಲವಾಗಿತ್ತು, ವ್ಯಾಪಾರದಲ್ಲಿ ಮತ್ತೆ ಮತ್ತೆ ಮೋಸ ಹೋಗುತ್ತಿದ್ದರು. ಮನೆಯವರು ಪ್ರವಾದಿವರ್ಯರ(ಸ) ಬಳಿಗೆ ಬಂದು, ಇವರು ವ್ಯಾಪಾರ ಮಾಡದಂತೆ ತಡೆಯಿರಿ ಎಂದು ಕೋರಿದರು. ಪ್ರವಾದಿವರ್ಯರು(ಸ) ಅವರನ್ನು ಕರೆಸಿ ವ್ಯಾಪಾರ ಬೇಡವೆಂದರು. ಅವರು, ವ್ಯಾಪಾರ ಬಿಟ್ಟಿರಲು ನನ್ನಿಂದಾಗದು ಎಂದರು. ಆಗ ಪ್ರವಾದಿವರ್ಯರು(ಸ) ಅವರಿಗೊಂದು ಮಾತು ಕಲಿಸಿಕೊಟ್ಟರು: ಕೊಳ್ಳುವಾಗ, ಮಾರುವಾಗ, ಇದರಲ್ಲಿ ಮೋಸ ಇರಕೂಡದೆಂದು ಎದುರಿನವನಿಗೆ ಮೊದಲೇ ಹೇಳಿಬಿಡುವುದು. ಕೊಂಡದ್ದನ್ನು ಹಿಂದಿರುಗಿಸಲು ಮೂರು ದಿನಗಳ ಅವಕಾಶವನ್ನೂ ಅವರಿಗೆ ಕೊಟ್ಟರೆಂದು ಕೆಲವು ವರದಿಗಳಲ್ಲಿದೆ.

ಗಮನಿಸಿರಿ. ಅಲ್ಲಿ ಗದರಿಕೆ ಇಲ್ಲ. ನೀನು ದಡ್ಡ ಎಂಬ ಮಾತಿಲ್ಲ. ಮೋಸ ಹೋಗುವವನಿಗೆ ಒಂದು ರಕ್ಷೆ ಸಿಕ್ಕಿತು, ಸಂತೆಯಲ್ಲಿ ತಲೆಯೆತ್ತಿ ನಿಲ್ಲುವ ಅವಕಾಶವೂ ಸಿಕ್ಕಿತು. ನಾವೋ, ತಾಯಿ ಒಮ್ಮೆ ಮೋಸ ಹೋದರೆ ಅವರ ಕೈಯಿಂದ ಫೋನನ್ನೂ ಕಾರ್ಡನ್ನೂ ಕಿತ್ತು ಕಪಾಟಿನಲ್ಲಿಡುತ್ತೇವೆ. ಇನ್ನು ನಿಮಗಿದು ಬೇಡ ಎನ್ನುತ್ತೇವೆ. ಅದನ್ನು ಕಾಳಜಿ ಎಂದೂ ಕರೆಯುತ್ತೇವೆ!

ಖಾಲಾರ ಕೈಗೆ ಆ ಕಾರ್ಡನ್ನು ಕೊಟ್ಟವರು ಯಾರು? ಮಗ. ಹತ್ತು ದಿನದ ರಜೆಯಲ್ಲಿ ಬಂದು, ತಾಯಿಯ ಹೆಬ್ಬೆಟ್ಟು ಒತ್ತಿಸಿ, ಕಾರ್ಡು ತೆಗೆಸಿಕೊಟ್ಟು ವಿಮಾನ ಹತ್ತಿದ. ಬೀಗವನ್ನು ಕೊಟ್ಟ, ಆ ಆರು ಅಂಕೆಗಳೇ ಅದರ ಕೀಲಿಕೈ ಎಂದು ಹೇಳಲಿಲ್ಲ. ಬೀದಿಯ ನಾಲ್ಕು ಮನೆಗಳ ಹಿರಿಯರ ಪಿನ್ ನನಗೂ ಬಾಯಿಪಾಠವಾಗಿತ್ತು. ಬಾಕಿ ನೋಡಿಕೊಡಿ ಎಂದು ಬಂದವರೆಲ್ಲ ನನಗೆ ಪಿನ್ ಹೇಳುತ್ತಿದ್ದರು, ನಾನು ಅದನ್ನು ನನ್ನ ಮೇಲಿನ ವಿಶ್ವಾಸವೆಂದು ಭಾವಿಸಿ ಸಂತೋಷಪಡುತ್ತಿದ್ದೆ. ಕೇಳಿದವರಿಗೆ ಹೇಳಿಬಿಡುವ ಅಭ್ಯಾಸವನ್ನು ಅವರಿಗೆ ಕಲಿಸಿದವರಲ್ಲಿ ನಾನೂ ಒಬ್ಬನಲ್ಲವೇ?

ಕೆಲವರು ವಾದಿಸುತ್ತಾರೆ: ಸತ್ಯವಿಶ್ವಾಸಿಯು ಇತರರ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಳ್ಳಬೇಕು, ಎಲ್ಲರನ್ನೂ ಸಂಶಯಿಸುವುದು ಸರಿಯೇ? ಈ ವಾದದಲ್ಲಿ ಒಂದು ಗೊಂದಲವಿದೆ. ನೆರೆಯವನ ನಡತೆಯ ಬಗ್ಗೆ ಕೆಟ್ಟದ್ದನ್ನು ಊಹಿಸುವುದು ಬೇರೆ, ಬಂದ ಸುದ್ದಿಯನ್ನು ಪರಿಶೀಲಿಸುವುದು ಬೇರೆ. ಮೊದಲನೆಯದನ್ನು ಪವಿತ್ರ ಕುರ್‌ಆನ್ ತಡೆಯುತ್ತದೆ, ಎರಡನೆಯದನ್ನು ಆಜ್ಞಾಪಿಸುತ್ತದೆ. ಎರಡೂ ಇರುವುದು ಒಂದೇ ಅಧ್ಯಾಯದಲ್ಲಿ, ಅಲ್‌ಹುಜುರಾತ್‌ನಲ್ಲಿ. ಫೋನಿನಲ್ಲಿ ಮಾತನಾಡುವವನ ಮುಖ ನಮಗೆ ಕಾಣದು. ಅವನು ಕಳ್ಳನೆಂದು ತೀರ್ಮಾನಿಸಬೇಕಾಗಿಲ್ಲ. ‘ಆಯಿತಪ್ಪಾ, ನಾನೇ ಬ್ಯಾಂಕಿಗೆ ಕೇಳುತ್ತೇನೆ’ ಎಂದು ಫೋನ್ ಇಟ್ಟು, ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿದರೆ ಸಾಕು. ನಿಜವಾದ ಬ್ಯಾಂಕಿನವನಿಗೆ ಇದರಿಂದ ಅವಮಾನವಾಗದು. ಯಾವ ಬ್ಯಾಂಕೂ ಫೋನಿನಲ್ಲಿ ಪಿನ್ ಆಗಲಿ ಓಟಿಪಿ ಆಗಲಿ ಕೇಳುವುದಿಲ್ಲ. ಯುಪಿಐಯಲ್ಲಿ ಹಣ ಕಳುಹಿಸಲು ಪಿನ್ ಬೇಕು, ಪಡೆಯಲು ಬೇಡ. ಪೊಲೀಸನೆಂದು ಹೇಳಿಕೊಂಡು ವೀಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸುವವನಿದ್ದಾನೆ. ಅಂಥ ಬಂಧನವೇ ನಮ್ಮ ದೇಶದ ಕಾನೂನಿನಲ್ಲಿಲ್ಲ. ಇದನ್ನು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ತಮ್ಮ ಬಾನುಲಿ ಭಾಷಣದಲ್ಲಿ ಸ್ಪಷ್ಟಪಡಿಸಿದರು.

ಮರಳಿ ಆ ಒಂಬತ್ತು ದಿನಗಳಿಗೆ ಬರುತ್ತೇನೆ. ಕದ್ದ ಹಣ ಒಂದು ಖಾತೆಯಲ್ಲಿ ಕುಳಿತಿರುವುದಿಲ್ಲ. ಅದು ಎರಡನೆಯ ಖಾತೆಗೆ, ಅಲ್ಲಿಂದ ಮೂರನೆಯದಕ್ಕೆ ಜಿಗಿದು, ಯಾವುದೋ ಊರಿನ ಎಟಿಎಂನಿಂದ ನೋಟಾಗಿ ಹೊರಬೀಳುತ್ತದೆ. ಹಾಗೆ ಹೊರಬೀಳುವ ಮೊದಲು ಅದನ್ನು ದಾರಿಯಲ್ಲೇ ತಡೆಯಲೆಂದು ಕೇಂದ್ರ ಗೃಹ ಸಚಿವಾಲಯವು 2021ರಲ್ಲಿ ಒಂದು ವ್ಯವಸ್ಥೆ ಮಾಡಿತು. 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಹಣ ಹೋದ ದಾರಿಯ ಬ್ಯಾಂಕುಗಳಿಗೆ ಸೂಚನೆ ತಲುಪುತ್ತದೆ. ಇಲ್ಲಿ ಗಂಟೆಗಳಿಗೆ, ನಿಮಿಷಗಳಿಗೂ ಬೆಲೆ ಇದೆ. ಖಾಲಾ ಅಂದು ಸಂಜೆಯೇ ಸೊಸೆಗೆ ಹೇಳಿದ್ದರೆ ಹಣ ಸಿಗುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಆದರೆ ಹೇಳದಂತೆ ಅವರ ಬಾಯಿ ಕಟ್ಟಿದ್ದು ಆ ಕಳ್ಳನಲ್ಲ, ನಾವು. ಹಾಲು ಚೆಲ್ಲಿದ್ದಕ್ಕೆ, ಫೋನ್ ಬೀಳಿಸಿದ್ದಕ್ಕೆ ವರ್ಷಗಟ್ಟಲೆ ಗದರಿ ಗದರಿ ಮನೆಯಲ್ಲಿ ಬೆಳೆಸಿದ ಭಯವೇ ಅಂದು ಕಳ್ಳನ ಕಾವಲಿಗೆ ನಿಂತಿತು.

ಇನ್ನೊಂದು ವಿಷಯ ಬರೆಯಲು ಸಂಕೋಚವಾಗುತ್ತದೆ. ಇದೇ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕೇಳಿದ: ‘ಹಜರತ್, ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಟ್ಟರೆ 5,000 ಕೊಡುತ್ತಾರಂತೆ. ಖಾತೆಯಲ್ಲಿ ಅವರ ಹಣ ಬಂದು ಹೋಗುತ್ತದೆ, ಅಷ್ಟೆ. ಇದು ಜಾಇಝಾ?’ ಪ್ರಶ್ನೆ ಕೇಳಿದ್ದಕ್ಕೆ ಅವನನ್ನು ಮೆಚ್ಚುತ್ತೇನೆ, ಕೇಳದೆ ಕೊಟ್ಟವರು ಇದ್ದಾರೆ. ಖಾಲಾರ ಹೆಂಚಿನ ಹಣ ಜಿಗಿದದ್ದು ಇಂಥ ಖಾತೆಗಳ ಮೇಲೆಯೇ. ಅವನ್ನು ಪತ್ತೆ ಹಚ್ಚಲೆಂದೇ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ಇನ್ನೊವೇಶನ್ ಹಬ್ ಒಂದು ತಂತ್ರಾಂಶವನ್ನು ರೂಪಿಸಿದೆ. ಪೊಲೀಸರು ಮೊದಲು ಬಾಗಿಲು ತಟ್ಟುವುದೂ ಖಾತೆ ಯಾರ ಹೆಸರಿನಲ್ಲಿದೆಯೋ ಅವನ ಮನೆಯದನ್ನೇ. ಆದರೆ ನಾನು ಅವನಿಗೆ ಪೊಲೀಸರ ಭಯ ಹೇಳಲಿಲ್ಲ. ಖಾಲಾರ ಮನೆ ತೋರಿಸಿದೆ. ‘ಆ ಹೆಂಚಿನ ಹಣದಲ್ಲಿ ಐದು ಸಾವಿರ ನಿನ್ನದು, ತೆಗೆದುಕೊಳ್ಳುತ್ತೀಯಾ?’ ಎಂದೆ. ಕದ್ದವನ ಕೈ ಕಾಣದು, ಏಣಿ ಹಿಡಿದವನಿಗೆ ತಾನು ಕದ್ದಿಲ್ಲವೆಂಬ ಸಮಾಧಾನ. ಪಾಪಕ್ಕೆ ನೆರವಾಗಬಾರದೆಂಬ ಕುರ್‌ಆನಿನ ಆಜ್ಞೆಯನ್ನು ಅವನಿಗೆ ನಾನೇ ಕಂಠಪಾಠ ಮಾಡಿಸಿದ್ದೆ.

ಖಾಲಾರನ್ನು ಕರೆದುಕೊಂಡು ಬ್ಯಾಂಕಿಗೂ ಪೊಲೀಸ್ ಠಾಣೆಗೂ ಹೋದೆ. ದೂರು ದಾಖಲಾಯಿತು. ಹಣ ಬರಲಿಲ್ಲ. ಮಗನಿಗೆ ಮೊದಲು ನಾನೇ ಫೋನ್ ಮಾಡಿ ವಿಷಯ ತಿಳಿಸಿ, ‘ತಾಯಿಯೊಂದಿಗೆ ಮಾತನಾಡುವಾಗ ಊಟ ಆಯಿತಾ ಎಂದು ಮೊದಲು ಕೇಳು’ ಎಂದೆ. ಹಾಗೆಯೇ ಕೇಳಿದನಂತೆ. ಅವರ ಪ್ರಶ್ನೆಗೆ ಉತ್ತರವನ್ನೂ ಕೊಟ್ಟೆ, ತಡವಾಗಿ: ಗುನಾಹ ನಿಮ್ಮದಲ್ಲ ಖಾಲಾ.

ಮೊನ್ನೆ ಹೊಸ ಕಾರ್ಡು ಹಿಡಿದು, ಬಾಕಿ ನೋಡಬೇಕೆಂದು ಎಟಿಎಂಗೆ ನನ್ನನ್ನು ಕರೆದುಕೊಂಡು ಹೋದರು. ಅಭ್ಯಾಸಬಲದಿಂದ ಪಿನ್ ಹೇಳಲು ಬಾಯಿ ತೆರೆದವರು ಅರ್ಧದಲ್ಲೇ ನಿಂತು, ‘ಹಜರತ್, ನೀವು ಸ್ವಲ್ಪ ಆ ಕಡೆ ತಿರುಗಿ’ ಎಂದರು.

ನಾನು ತಿರುಗಿ ನಿಂತೆ.