ಬಾಗಿದ ಹೂವೂ ಬಿದ್ದ ಹೂವೂ

ಕಷ್ಟಕಾಲದಲ್ಲಿ ತಲೆಬಾಗಿದವನನ್ನು ನಾವು ಕೂಡಲೇ ಸೋತವನೆಂದೂ ಚಂಚಲನೆಂದೂ ಕರೆಯುವದುಂಟು. ಆದರೆ ಬಾಗುವದೂ ಬೀಳುವದೂ ಒಂದೇಯೋ? ಸ್ಥಿರತೆ ಅಂದರೆ ಅಲುಗಾಡದೆ ಇರುವದೋ, ಇಲ್ಲವೆ ಬೇರು ಬಿಡದೆ ಇರುವದೋ? ಇಂಗ್ಲಂಡು ದೇಶದ ತೋಟಗಳಲ್ಲಿ ವಸಂತಕಾಲದ ಹೂಗಳು ನಡಕೊಳ್ಳುವ ರೀತಿಯನ್ನು ನೋಡಿ ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಆ ದೇಶದ ಹವೆಯು ನಂಬತಕ್ಕದ್ದಲ್ಲ. ಪಡುವಣ ಅಟ್ಲಾಂಟಿಕ್ ಮಹಾಸಾಗರದಿಂದ ತೇವದ ಗಾಳಿಯೂ, ಉತ್ತರದ ಹಿಮಪ್ರದೇಶದಿಂದ ಕೊರೆಯುವ ಗಾಳಿಯೂ, ಮೂಡಣ ಯೂರೋಪು ಖಂಡದಿಂದ ಒಣಗಾಳಿಯೂ ಅಲ್ಲಿಗೆ ಬೀಸುತ್ತವೆ. ಆದಕಾರಣ ಅಪ್ರಿಲ್ ತಿಂಗಳ ಒಂದೇ ದಿವಸದಲ್ಲಿ ಬಿಸಿಲು, ಮಳೆ, ಆಲಿಕಲ್ಲು ಮೂರೂ ಬರುವದುಂಟು. 1981ನೇ ಇಸವಿಯ ಅಪ್ರಿಲ್ ಕೊನೆಯ ವಾರದಲ್ಲಿ, ಮರಗಳು ಚಿಗುರಿದ ಮೇಲೆಯೂ, ದೊಡ್ಡ ಹಿಮಪಾತವಾಯಿತು. ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬವರು ಮೊದಲನೆಯ ಹೂವು, ಮೊದಲನೆಯ ಚಿಗುರು ಮುಂತಾದ ವಸಂತದ ಗುರುತುಗಳು ಕಾಣುವ ದಿನಗಳನ್ನು 1736ರಿಂದ ಬರೆದಿಡುತ್ತಾ ಬಂದರು. ಅವರ ಮನೆತನದವರು ಆ ಕೆಲಸವನ್ನು 1958ರ ವರೆಗೆ ನಡಿಸಿದರು. ಅಷ್ಟು ವರುಷಗಳಲ್ಲಿಯೂ ವಸಂತವು ಗೊತ್ತಾದ ಒಂದು ದಿವಸಕ್ಕೆ ಬರುವದನ್ನು ಕಲಿಯಲಿಲ್ಲ.

ಇಂಥ ಹವೆಯಲ್ಲಿ ಮೊದಲಾಗಿ ಅರಳುವವುಗಳಲ್ಲಿ ಸ್ನೋಡ್ರಾಪ್ ಎಂಬ ಚಿಕ್ಕ ಬಿಳೀ ಹೂವು ಒಂದು. ಅದು ಸಣ್ಣ ಈರುಳ್ಳಿಯಂಥ ಗಡ್ಡೆಯಿಂದ ಹುಟ್ಟಿ, ಜನವರಿ ಫೆಬ್ರವರಿ ತಿಂಗಳುಗಳಲ್ಲಿಯೇ ಗಟ್ಟಿಯಾದ ಎಲೆತುದಿಯಿಂದ ಮಣ್ಣನ್ನು ಸೀಳಿ ಮೇಲೆ ಬರುತ್ತದೆ. ಚಳಿಯು ಅತಿಯಾಗಿ ಎಲ್ಲವೂ ಹೆಪ್ಪುಗಟ್ಟಿದ ರಾತ್ರಿ ಅದರ ದಂಟು ಬಿಗುವು ತಪ್ಪಿ ನೆಲಕ್ಕೆ ಒರಗುತ್ತದೆ. ನೋಡಿದವರು ಅದು ಸತ್ತಿತೆಂದು ಹೇಳುವರು. ಆದರೆ ಬಿಸಿಲೇರಿದ ಮೇಲೆ ಅದೇ ದಂಟು ಅದೇ ಸ್ಥಳದಲ್ಲಿ ತಿರಿಗಿ ಎದ್ದು ನಿಲ್ಲುತ್ತದೆ. ಅದರ ಹಿಂದೆಯೇ ಬರುವ ಕ್ರೋಕಸ್ ಹೂವಾದರೋ ಬೆಚ್ಚಗಾದರೆ ತೆರೆಯುತ್ತದೆ, ಮೋಡ ಕವಿದು ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಇದು ಚಂಚಲತೆಯಲ್ಲ, ಒಳಗಿರುವ ಪರಾಗವನ್ನು ಮಳೆಯಿಂದ ಕಾಯುವ ಜಾಗ್ರತೆಯೇ.

ಹಾಗಾದರೆ ಬಾಗುವದೆಲ್ಲವೂ ಒಳ್ಳೇದೋ ಎಂದು ಯಾರಾದರೂ ಕೇಳಾರು. ಅಲ್ಲ. ಸ್ನೋಡ್ರಾಪ್ ಬಾಗಿಸಿದ್ದು ದಂಟನ್ನು. ಗಡ್ಡೆಯು ಇದ್ದಲ್ಲೇ ಇತ್ತು. ಸಾಲದಲ್ಲಿ ಮುಳುಗಿದವನು ನಾಲ್ಕು ಜನರ ನಡುವೆ ಮೌನವಾದರೆ, ಬೆಳೆ ಕಳಕೊಂಡವನು ಧಣಿಯ ಮುಂದೆ ಕೈಕಟ್ಟಿ ನಿಂತರೆ, ಅಲ್ಲಿ ಬಾಗಿದ್ದು ದಂಟು. ತನ್ನನ್ನು ಉಳಿಸಿಕೊಳ್ಳುವದಕ್ಕಾಗಿ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಿದರೆ ಗಡ್ಡೆಯೇ ಕಿತ್ತುಬಂತು. ಮೊದಲನೆಯದು ದುಃಖ, ಎರಡನೆಯದು ದ್ರೋಹ. ಇವೆರಡನ್ನು ನಾವು ಎಂದಿಗೂ ಒಂದೇ ಹೆಸರಿನಿಂದ ಕರೆಯಬಾರದು.

ಆದರೂ ಚಳಿಯ ಆ ಬೆಳಿಗ್ಗೆ ಹೊರಗಿನಿಂದ ನೋಡುವವನಿಗೆ ಒರಗಿದ ಹೂವೂ ಕಿತ್ತುಬಂದ ಹೂವೂ ಒಂದೇ ತರವಾಗಿ ಕಾಣುವವು. ಆದದರಿಂದ ಬುದ್ಧಿವಂತನಾದ ತೋಟಗಾರನು ಆಗ ಏನನ್ನೂ ಕಿತ್ತೆಸೆಯದೆ ಬಿಸಿಲಿಗಾಗಿ ಕಾಯುತ್ತಾನೆ. ನಾವೋ ಆ ಹೊತ್ತಿನಲ್ಲಿಯೇ ತೀರ್ಪು ಹೇಳಿಬಿಡುತ್ತೇವೆ. ನಮ್ಮ ಮಾತಿನ ದೆಸೆಯಿಂದ ಏಳಬೇಕಾದವನು ಏಳದೆ ಹೋಗುತ್ತಾನೆ.

ನಿಜವಾಗಿ ಕಿತ್ತುಬಂದವನ ಗತಿ ಏನು? ಇದಕ್ಕೂ ಆ ತೋಟದಲ್ಲಿ ಉತ್ತರವುಂಟು. ಕಿತ್ತ ಸ್ನೋಡ್ರಾಪ್ ಗಡ್ಡೆಯನ್ನು ಗಾಳಿಯಲ್ಲಿ ಬಿಟ್ಟರೆ ಬೇಗನೆ ಒಣಗುವದು. ಎಲೆ ಹಸುರಾಗಿರುವಾಗಲೇ ಮಣ್ಣಿನಲ್ಲಿಟ್ಟರೆ ಬದುಕುವದು. ಹೀಗಿರಲಾಗಿ ಬಾಗಿದವನ ವಿಷಯದಲ್ಲಿ ತಾಳ್ಮೆಯೂ ಬಿದ್ದವನ ವಿಷಯದಲ್ಲಿ ತ್ವರೆಯೂ ನಮಗೆ ಬೇಕು. ಇವರಲ್ಲಿ ಯಾರು ಯಾರೆಂದು ತಿಳಿಯದಿದ್ದರೆ, ಅವರ ಮನೆಬಾಗಿಲಿಗೆ ಹೋಗಿ ಕ್ಷೇಮ ವಿಚಾರಿಸೋಣ.